ಬರುವ ದುಡ್ಡಿಗೆ ಪಿನ್ ಬೇಡ

ನಿಮ್ಮ ತಂದೆಯವರು ಒಮ್ಮೆ ಮೋಸಹೋದ ಮೇಲೆ ಫೋನಿನಲ್ಲಿ ಹಣ ಕೊಡಲು ಹೆದರುತ್ತಾರೆ, ಹಾಲಿನವನಿಗೆ ಕೊಡಲೂ ಚಿಲ್ಲರೆ ಹುಡುಕುತ್ತಾರೆ ಎಂದು ಬರೆದಿದ್ದೀರಿ. ಮೊದಲು, ಮನೆಯಲ್ಲಿ ಆ ವಿಷಯ ಎತ್ತಿ ಅವರನ್ನು ಆಡಿಕೊಳ್ಳುವುದು ನಿಲ್ಲಲಿ. ಕಳೆದುಹೋದ ದುಡ್ಡಿಗಿಂತ ಮಕ್ಕಳ ಮುಂದೆ ತಲೆ ತಗ್ಗಿಸಬೇಕಾದ ನೋವು ದೊಡ್ಡದು.

ಆಮೇಲೆ ಒಂದೇ ಮಾತನ್ನು ಮನದಟ್ಟು ಮಾಡಿಸಿ. ಯುಪಿಐಯಲ್ಲಿ ಯಾರೋ ಕಳಿಸಿದ ಹಣ ಖಾತೆಗೆ ಬೀಳಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ರಿಫಂಡ್ ಬರುತ್ತೆ, ಪಿನ್ ಹಾಕಿ’ ಎಂದವರು ಮೋಸಗಾರರೇ. ಫೋನಿನ ಪರದೆಯನ್ನು ತಮಗೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎನ್ನುವವರೂ ಅಷ್ಟೇ. ತಂದೆಯವರು ಮಾತು ಬೆಳೆಸದೆ ಕರೆ ಕತ್ತರಿಸಲಿ.

ಪಿಂಚಣಿ ಬರುವ ಖಾತೆಯನ್ನು ಯುಪಿಐಯಿಂದ ಬಿಡಿಸಿಬಿಡಿ. ಬೇರೊಂದು ಉಳಿತಾಯ ಖಾತೆ ಜೋಡಿಸಿ, ಅದರಲ್ಲಿ ಎರಡು ಮೂರು ಸಾವಿರ ಮಾತ್ರ ಇಡಿ. ನನ್ನ ತಾಯಿಗೂ ಇದನ್ನೇ ಮಾಡಿಕೊಟ್ಟಿದ್ದೇನೆ. ಹೋದರೂ ಅಷ್ಟೇ ಹೋದೀತು ಎಂಬ ಧೈರ್ಯದಲ್ಲಿ ಅವರೀಗ ತರಕಾರಿ ಗಾಡಿಯವರಿಗೂ ಸ್ಕ್ಯಾನ್ ಮಾಡಿಯೇ ಕೊಡುತ್ತಾರೆ.

1930 ಸಂಖ್ಯೆಯನ್ನು ತಂದೆಯವರ ಫೋನಿನಲ್ಲಿ ಉಳಿಸಿಡಿ, ಗೋಡೆಯ ಕ್ಯಾಲೆಂಡರಿನ ಮೇಲೂ ದಪ್ಪಕ್ಷರದಲ್ಲಿ ಬರೆಯಿರಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಹೋದದ್ದು ತಿಳಿದ ಕೂಡಲೇ ಕರೆ ಮಾಡಿದರೆ, ಕಳ್ಳರು ಅದನ್ನು ತೆಗೆಯುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಸುವ ಅವಕಾಶ ಇರುತ್ತದೆ. ನಾಚಿಕೊಂಡು ಸಂಜೆವರೆಗೆ ಕಾಯಬಾರದು.

ನಾಳೆ ಬೆಳಿಗ್ಗೆ ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ ನಿಮಗೆ ಒಂದು ರೂಪಾಯಿ ಕಳಿಸಲು ಹೇಳಿ. ಫೋನನ್ನು ನೀವು ಮುಟ್ಟಬೇಡಿ.