ಫುಟ್‌ಬಾಲ್ ಅಭಿಮಾನದ ಖರ್ಚು: ಹೊಸಹಳ್ಳಿಯ ಒಂದು ಖಾತೆ ಪುಸ್ತಕದ ಪಾಠ

ಲೆಕ್ಕಪರಿಶೋಧನೆಯ ಸಮಯದಲ್ಲಿ ಹೊಸಹಳ್ಳಿಯ ಸಣ್ಣ ಕೈಗಾರಿಕೋದ್ಯಮಿಯೊಬ್ಬರ ಪುಸ್ತಕದಲ್ಲಿ 'ಸಿಬ್ಬಂದಿ ಕಲ್ಯಾಣ'ದ ಅಡಿ ಫುಟ್‌ಬಾಲ್ ಟಿಕೆಟ್ ಹಾಗೂ ಜರ್ಸಿಗಳ ಖರ್ಚು ಕಂಡುಬಂದಿತು. ವಿಚಾರಿಸಿದಾಗ ಅವರು ಸಂಕೋಚದಿಂದ ಹೇಳಿದರು: "ಮಗನನ್ನು ಕರೆದುಕೊಂಡು ಹೋಗುತ್ತೇನೆ ಸಾರ್. ಅವನ ಪಕ್ಕದಲ್ಲಿ ನೆಮ್ಮದಿಯಾಗಿ ಕೂರುವುದು ಅಲ್ಲಿ ಮಾತ್ರ. ಮೊದಲು ಕೈಯಿಂದಲೇ ಕೊಡುತ್ತಿದ್ದೆ. ಈಗ ಭಾರವಾಯಿತು, ಫ್ಯಾಕ್ಟರಿ ಲೆಕ್ಕಕ್ಕೆ ಹಾಕಿದೆ." ಇಂತಹ ನಮೂದುಗಳು ಅನೇಕರ ಪುಸ್ತಕಗಳಲ್ಲಿ ಇರುವುದರಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸುವುದು ಸೂಕ್ತ.

ಭಾರ ಹೊರುವವರು ಯಾರು?

ಹಿಂದೆ ಬೆಂಗಳೂರಿನ ಪ್ರಮುಖ ತಂಡಗಳನ್ನು ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳು ಪೋಷಿಸುತ್ತಿದ್ದವು. 1977ರ ಮೊದಲ ಫೆಡರೇಷನ್ ಕಪ್ ಗೆದ್ದುದು ಐಟಿಐ ತಂಡವೇ. ಆಟಗಾರರಿಗೆ ಸಂಸ್ಥೆಯಲ್ಲಿಯೇ ಉದ್ಯೋಗವಿರುತ್ತಿದ್ದುದರಿಂದ ತಂಡದ ವೆಚ್ಚ ಪ್ರೇಕ್ಷಕನ ಜೇಬನ್ನು ಅವಲಂಬಿಸಿರಲಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಆರಂಭಿಸಿದ ಬೆಂಗಳೂರು ಎಫ್‌ಸಿ ಪೂರ್ಣ ವೃತ್ತಿಪರ ಕ್ಲಬ್. ಮೊದಲ ವರ್ಷದಲ್ಲಿಯೇ ಐ-ಲೀಗ್, 2018-19ರಲ್ಲಿ ಐಎಸ್‌ಎಲ್ ಗೆದ್ದು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಜನರನ್ನು ಸೆಳೆಯಿತು. ಆದರೆ 2025ರಲ್ಲಿ ಐಎಸ್‌ಎಲ್‌ನ ವಾಣಿಜ್ಯ ಹಕ್ಕುಗಳ ಒಪ್ಪಂದ ಅನಿಶ್ಚಿತವಾದಾಗ ಇದೇ ಕ್ಲಬ್ ಆಗಸ್ಟ್‌ನಲ್ಲಿ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಸ್ಥಗಿತಗೊಳಿಸಿತು. ಮಾಲೀಕರ ಬಂಡವಾಳ ಹಾಗೂ ಪ್ರಾಯೋಜಕತ್ವವನ್ನೇ ನಂಬಿದ ವ್ಯವಹಾರದಲ್ಲಿ ಒಂದು ಕರಾರು ಅಲುಗಾಡಿದರೂ ಇಡೀ ಮನೆ ಅಲುಗಾಡುತ್ತದೆ ಎಂಬುದು ವರ್ತಕರಿಗೆ ಹೊಸತಲ್ಲ.

ಅಭಿಮಾನಿಯ ನಿಜವಾದ ವೆಚ್ಚ

ನಮ್ಮ ಉದ್ಯಮಿಯ ಮಾದರಿಯಲ್ಲಿ ಒಂದು ಕಲ್ಪಿತ ಲೆಕ್ಕ ನೋಡೋಣ. ತಂದೆ-ಮಗ ಇಬ್ಬರಿಗೆ ಒಂದು ಪಂದ್ಯಕ್ಕೆ:

ಟಿಕೆಟ್ (400 × 2): ರೂ. 800
ಮೆಟ್ರೊ, ಹೋಗಿ ಬರಲು: ರೂ. 120
ತಿಂಡಿ, ಪಾನೀಯ: ರೂ. 400
ಒಟ್ಟು: ರೂ. 1,320

ಋತುವಿಗೆ 12 ಪಂದ್ಯಗಳೆಂದರೆ ರೂ. 15,840. ತಲಾ ರೂ. 1,500ರ ಎರಡು ಜರ್ಸಿ ಸೇರಿದರೆ ರೂ. 18,840. ಇದರಲ್ಲಿ ಟಿಕೆಟ್ಟಿನ ಪಾಲು ರೂ. 9,600, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಉಳಿದುದು ನಮ್ಮ ಗಮನಕ್ಕೆ ಬಾರದೆ ಸೋರುವ ಹಣ. 2025ರ ಫೆಬ್ರವರಿ 9ರಂದು ಮೆಟ್ರೊ ಪ್ರಯಾಣದ ಗರಿಷ್ಠ ದರ ರೂ. 60ರಿಂದ 90ಕ್ಕೆ ಏರಿದಾಗ ಕ್ಲಬ್ ಟಿಕೆಟ್ ದರ ಏರಿಸದಿದ್ದರೂ ಅಭಿಮಾನದ ಬೆಲೆ ಏರಿತು.

ತೆರಿಗೆಯ ಪಾತ್ರ

ಮಾನ್ಯತೆ ಪಡೆದ ಕ್ರೀಡಾ ಸ್ಪರ್ಧೆಗಳಲ್ಲಿ ರೂ. 500ರವರೆಗಿನ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿಯಿದ್ದು, ಮೀರಿದರೆ ಶೇ. 18ರ ದರವಿದೆ. ಐಪಿಎಲ್‌ನಂತಹ ಸ್ಪರ್ಧೆಗಳಿಗೆ ಇದ್ದ ಶೇ. 28ರ ದರ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಅಂದಿನಿಂದಲೇ ರೂ. 2,500ರವರೆಗಿನ ಉಡುಪಿಗೆ ಶೇ. 5, ಅದಕ್ಕೆ ಮೇಲ್ಪಟ್ಟುದಕ್ಕೆ ಶೇ. 18. ಹಿಂದೆ ರೂ. 1,000 ಮೀರಿದ ಉಡುಪಿಗೆ ಶೇ. 12 ಇತ್ತು. ಆದ್ದರಿಂದ ರೂ. 1,500ರ ಜರ್ಸಿಯ ತೆರಿಗೆ ಇಳಿದಿದೆ, ರೂ. 3,000ದ್ದು ಏರಿದೆ. ಬಿಲ್ಲಿನ ತೆರಿಗೆಯ ಸಾಲನ್ನು ಓದುವ ಅಭ್ಯಾಸ ಲಾಭಕರ.

ಖಾತೆಯಲ್ಲಿ ಎಲ್ಲಿ ಬರೆಯಬೇಕು?

1. ಮಾಲೀಕ ಹಾಗೂ ಕುಟುಂಬದ ಟಿಕೆಟ್ ವೈಯಕ್ತಿಕ ಖರ್ಚು. ಅದನ್ನು ಡ್ರಾಯಿಂಗ್ಸ್ ಖಾತೆಗೆ ಹಾಕತಕ್ಕದ್ದು. ಆದಾಯ ತೆರಿಗೆಯಲ್ಲಿ ಕಡಿತವೂ ಇಲ್ಲ, ಜಿಎಸ್‌ಟಿಯಲ್ಲಿ ಇನ್‌ಪುಟ್ ತೆರಿಗೆ ಜಮೆಯೂ ಇಲ್ಲ.

2. ಬಡಾವಣೆಯ ಪಂದ್ಯಾವಳಿಯಲ್ಲಿ ಸಂಸ್ಥೆಯ ಹೆಸರಿನ ಫಲಕ ಹಾಕಿಸಿ ಹಣ ನೀಡಿದರೆ ಅದು ಜಾಹೀರಾತು. ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ್ದೆಂದು ತೋರಿಸಲು ಬಿಲ್, ಫಲಕದ ಛಾಯಾಚಿತ್ರ ಹಾಗೂ ಬ್ಯಾಂಕ್ ಪಾವತಿಯ ದಾಖಲೆ ಇರಲಿ. ಒಬ್ಬರಿಗೆ ಒಂದು ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ವೆಚ್ಚ ಮಾನ್ಯವಾಗದು.

3. ಸಂತೋಷಕ್ಕೆ ಕೊಟ್ಟ ಚಂದಾಹಣವನ್ನು ಜಾಹೀರಾತೆಂದು ಬರೆಯಬಾರದು.

ಮೌನವಾಗಿ ಸಹಿಸಬೇಕಾಗಿಲ್ಲ

2016ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 77 ಪೌಂಡ್ ಟಿಕೆಟ್ ಪ್ರಕಟಿಸಿದಾಗ ಸಾವಿರಾರು ಅಭಿಮಾನಿಗಳು ಪಂದ್ಯದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಆ ನಿರ್ಧಾರವನ್ನು ಹಿಂಪಡೆದರು. ಗಿರಾಕಿ ಎದ್ದು ಹೋಗುವ ಮೊದಲೇ ಅವನ ತಾಳ್ಮೆಯ ಮಿತಿಯನ್ನು ಅರಿಯಬೇಕೆಂಬ ಪಾಠ ನಮ್ಮ ಅಂಗಡಿಗಳಿಗೂ ಅನ್ವಯಿಸುತ್ತದೆ.

ನಮ್ಮ ಉದ್ಯಮಿಯ ನಮೂದನ್ನು ಸರಿಪಡಿಸಲಾಯಿತು. ಪಂದ್ಯ ಬಿಡಬೇಕೇ ಎಂದು ಅವರು ಕೇಳಿದರು. ಬಿಡಬೇಡಿ, ಆರಿಸಿಕೊಳ್ಳಿ ಎಂದೆ. ಆರು ಪಂದ್ಯಗಳಿಗೆ ರೂ. 7,920, ಜರ್ಸಿ ಎರಡು ವರ್ಷಕ್ಕೊಮ್ಮೆಯಾದರೆ ವರ್ಷಕ್ಕೆ ರೂ. 1,500. ಒಟ್ಟು ರೂ. 9,420, ತಿಂಗಳಿಗೆ ರೂ. 785. ಆ ಮೊತ್ತವನ್ನು ಮನೆಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಎತ್ತಿಡುವುದಾಗಿ ಅವರು ಒಪ್ಪಿದರು. ಯಾವ ಆರು ಪಂದ್ಯಗಳೆಂಬುದನ್ನು ಮಗನೇ ನಿರ್ಧರಿಸಲಿ ಎಂದೂ ಹೇಳಿ ಕಳುಹಿಸಿದೆ. ಬಜೆಟ್ ಎಂದರೇನೆಂದು ಹುಡುಗನೂ ಕಲಿತಂತಾಗುತ್ತದೆ.