ಅಘನಾಶಿನಿಯಲ್ಲಿ ಮೊದಲ ಹುಟ್ಟು

ದೋಣಿ ಹತ್ತುವ ಮೊದಲು ಐದು ನಿಮಿಷ ದಡದಲ್ಲಿ ನಿಲ್ಲಿ. ನೀರು ಯಾವ ಕಡೆಗೆ ಹರಿಯುತ್ತಿದೆ, ನೋಡಿ ಹೇಳಿ. ‘ಇದೆಂಥ ಪ್ರಶ್ನೆ, ಹೊಳೆ ಸಮುದ್ರದ ಕಡೆಗೇ ತಾನೆ ಹರಿಯುವುದು’ ಎಂದು ನಿಮಗೆ ಅನ್ನಿಸಬಹುದು. ಕುಮಟಾ ಸೀಮೆಯ ಅಘನಾಶಿನಿಯಲ್ಲಿ ಈ ಉತ್ತರ ದಿನಕ್ಕೆ ಎರಡು ಸಲ ತಪ್ಪಾಗುತ್ತದೆ. ಆಗ ಸಮುದ್ರವೇ ಹೊಳೆಯೊಳಕ್ಕೆ ಬರುತ್ತಿರುತ್ತದೆ.

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ತದಡಿಯ ಬಳಿ ಅರಬ್ಬೀ ಸಮುದ್ರ ಸೇರುವ ನದಿ ಇದು. ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ. ನದಿಯ ಸಿಹಿನೀರು, ಕಡಲಿನ ಉಪ್ಪುನೀರು ಬೆರೆಯುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಎಂದರೆ, ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಆದರೆ ಪಟ್ಟಿಯ ಮಾತು ಹಾಗಿರಲಿ, ಹೊಸಬರು ಮೊದಲು ತಿಳಿಯಬೇಕಾದದ್ದು ಈ ನೀರಿನ ವೇಳಾಪಟ್ಟಿ.

ಕಡಲ ನೀರು ಏರುವುದು ಭರತ, ಇಳಿಯುವುದು ಇಳಿತ. ಒಂದೊಂದಕ್ಕೂ ಹೆಚ್ಚುಕಡಿಮೆ ಆರು ಗಂಟೆ. ಇದು ಚಂದ್ರನನ್ನು ಅನುಸರಿಸುವ ಲೆಕ್ಕವಾದ್ದರಿಂದ ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಸೌಮ್ಯ. ಆದ್ದರಿಂದ ನಿಮ್ಮ ಮೊದಲ ಪಯಣಕ್ಕೆ ಅಷ್ಟಮಿಯ ಸಮೀಪದ ಒಂದು ಬೆಳಗನ್ನು ಆರಿಸಿಕೊಳ್ಳಿ. ಮಳೆಗಾಲ ಬೇಡ. ಅಕ್ಟೋಬರ್ ಕಳೆದರೆ ಪ್ರವಾಹ ತಗ್ಗಿರುತ್ತದೆ, ದೂರದೇಶದ ಹಕ್ಕಿಗಳೂ ಬಂದಿರುತ್ತವೆ. ಮಧ್ಯಾಹ್ನ ಕಡಲಗಾಳಿ ಏಳುವುದರೊಳಗೆ ದಡ ಸೇರುವಂತೆ ಹೊರಡಿ.

ಈಗ ದೋಣಿ. ಕರಾವಳಿಯಲ್ಲಿ ಒಬ್ಬಿಬ್ಬರು ಕೂರುವ ಕಿರಿದಾದ ದೋಣಿಗೆ ಪಾತಿ ಎನ್ನುವುದುಂಟು. ಅದನ್ನು ನಡೆಸುವ ಕೋಲು ಹುಟ್ಟು. ಹತ್ತುವಾಗ ಬಗ್ಗಿ, ಎರಡೂ ಅಂಚು ಹಿಡಿದು, ದೋಣಿಯ ನಟ್ಟನಡುವೆ ಕಾಲಿಡಿ. ನಿಂತರೆ ದೋಣಿ ಹೊಯ್ದಾಡುತ್ತದೆ, ಕೂತರೆ ಸುಮ್ಮನಾಗುತ್ತದೆ. ಜೀವರಕ್ಷಕ ಅಂಗಿ ಈಜು ಬಲ್ಲವರಿಗೂ ಬೇಕು. ಮೊದಲ ಕೆಲವು ಸಲ ಊರಿನ ದೋಣಿಯವರೊಬ್ಬರು ಜೊತೆಗಿರಲಿ.

ಹುಟ್ಟಿನ ಮೇಲ್ತುದಿಯನ್ನು ಒಂದು ಅಂಗೈಯಲ್ಲಿ, ಅಗಲವಾದ ಹಲಗೆಗೆ ತುಸು ಮೇಲಿನ ಕೋಲನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಮೊಣಕಾಲಿಗಿಂತ ಮುಂದೆ ನೀರಿಗೆ ಇಳಿಸಿ, ಸೊಂಟದವರೆಗೆ ಎಳೆದು, ಎತ್ತಿ. ಶಕ್ತಿ ತೋಳಿನದಲ್ಲ, ಸೊಂಟದಿಂದ ತಿರುಗುವ ಬೆನ್ನಿನದು. ಬಲಗಡೆ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ, ಎಡಗಡೆ ಹಾಕಿದರೆ ಬಲಕ್ಕೆ. ಅರ್ಧ ಗಂಟೆ ದೋಣಿ ಹಾವಿನಂತೆ ಹೋಗುತ್ತದೆ. ಹೋಗಲಿ, ಎಲ್ಲರದ್ದೂ ಹಾಗೇ ಹೋಗಿದೆ.

ಇದು ಕೈಗೆ ಹತ್ತಿದ ಮೇಲೆ ಎರಡನೆಯ ಪಾಠ: ಸದ್ದಿಲ್ಲದ ಹುಟ್ಟು. ಎಳೆದು ಮುಗಿದ ಮೇಲೆ ಹಲಗೆಯನ್ನು ನೀರಿನಿಂದ ಎತ್ತಬೇಡಿ. ನೀರೊಳಗೇ ಅದನ್ನು ಅಂಚಿಗೆ ತಿರುಗಿಸಿ, ಬೆಣ್ಣೆಯಲ್ಲಿ ಚಾಕು ಸರಿಸಿದಂತೆ ಮುಂದಕ್ಕೆ ತನ್ನಿ, ಮತ್ತೆ ಎಳೆಯಿರಿ. ತೊಟ್ಟಿಕ್ಕುವ ಸದ್ದೂ ಇರುವುದಿಲ್ಲ. ಹುಟ್ಟು ದೋಣಿಯ ಮೈಗೆ ತಾಗಿ ‘ಟಕ್’ ಎಂದರೆ ಮಾತ್ರ ಇಡೀ ತಿರುವಿಗೆ ನೀವು ಬಂದ ಸುದ್ದಿ ಮುಟ್ಟುತ್ತದೆ.

ಭರತದ ಎರಡನೆಯ ಅರ್ಧದಲ್ಲಿ, ನೀರಿನ ಜೊತೆಗೇ ಮೇಲಕ್ಕೆ ಸಾಗಿ ಕಾಂಡ್ಲಾ ಕಾಡಿನ ನಡುವಿನ ಕವಲುಗಳೊಳಕ್ಕೆ ಹೋಗಿ. ಉಪ್ಪುನೀರಿನಲ್ಲಿ ಬೆಳೆಯುವ ಮರ ಕಾಂಡ್ಲಾ. ಮೆದು ಕೆಸರಿನಲ್ಲಿ ನಿಲ್ಲಲು ಅದು ಕಾಂಡದಿಂದಲೇ ಬೇರುಗಳನ್ನು ಊರುಗೋಲುಗಳಂತೆ ಇಳಿಬಿಟ್ಟಿರುತ್ತದೆ. ನುಗ್ಗೆಕಾಯಿಯಂತೆ ನೇತಾಡುವುದು ಕಾಯಲ್ಲ, ಸಸಿ. ಬೀಜ ಮರದಲ್ಲಿದ್ದಾಗಲೇ ಮೊಳೆತು, ಆಮೇಲೆ ಕೆಳಗೆ ಬೀಳುತ್ತದೆ. ಕೆಸರು ಸಿಕ್ಕರೆ ಅಲ್ಲೇ ನಾಟಿಕೊಳ್ಳುತ್ತದೆ, ನೀರು ಸಿಕ್ಕರೆ ತೇಲಿ ಬೇರೆ ದಡ ಹುಡುಕುತ್ತದೆ.

ಇಲ್ಲಿ ನಿಮಗೆ ಮೊದಲು ಕಾಣುವುದು ಬಹುಶಃ ಒಂದು ನೀಲಿ ಗೆರೆ. ಅದು ಮಿಂಚುಳ್ಳಿ. ನೀರಿಗೆ ತಾಗಿದಂತೆ ಹಾರಿ, ಮುಂದಿನ ಕೊಂಬೆಯಲ್ಲಿ ಕೂರುತ್ತದೆ. ನೀವು ಸಮೀಪಿಸಿದರೆ ಮತ್ತೆ ಹಾರುತ್ತದೆ. ಅದು ದಾರಿ ತೋರಿಸುತ್ತಿದೆ ಎಂದು ಹೊಸಬರು ಸಂತೋಷಪಡುತ್ತಾರೆ. ನಿಜವಾಗಿ ನೀವು ಅದನ್ನು ಅಟ್ಟುತ್ತಿದ್ದೀರಿ. ಎರಡನೆಯ ಸಲ ಹಾರಿದಾಗ ಹುಟ್ಟು ಮಡಿಲಲ್ಲಿಟ್ಟು, ಕಾಂಡ್ಲಾ ಬೇರೊಂದನ್ನು ಹಿಡಿದು ದೋಣಿ ನಿಲ್ಲಿಸಿಬಿಡಿ. ನಾನು ಕಲಿಸಬೇಕೆಂದಿರುವ ಮುಖ್ಯ ವಿದ್ಯೆ ಇದೇ. ದೋಣಿ ನಡೆಸುವುದು ಜಾಗ ತಲುಪಲು, ನೋಡುವುದು ದೋಣಿ ನಿಂತ ಮೇಲೆ.

ಅಷ್ಟರಲ್ಲಿ ಭರತ ಮುಗಿದು ನೀರು ಸ್ವಲ್ಪ ಹೊತ್ತು ಅತ್ತಲೂ ಇತ್ತಲೂ ಹರಿಯದೆ ನಿಂತಿರುತ್ತದೆ. ಹಾವಕ್ಕಿಯನ್ನು ನೋಡಲು ಇದು ಒಳ್ಳೆಯ ವೇಳೆ. ಅದು ಮೈ ಮುಳುಗಿಸಿ ಕತ್ತನ್ನಷ್ಟೇ ಮೇಲಿಟ್ಟು ಈಜುವುದರಿಂದ ಆ ಹೆಸರು. ಬಳಿಕ ಇಳಿತ ಶುರುವಾಗಿ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ತೂತುಗಳಿಂದ ಸಣ್ಣ ಏಡಿಗಳು ಹೊರಬಂದು, ಗಂಡುಗಳು ತುಂಬ ದೊಡ್ಡದಾದ ಒಂದೇ ಕೊಂಡಿಯನ್ನು ಕೈಬೀಸಿದಂತೆ ಎತ್ತಿ ಇಳಿಸುತ್ತವೆ. ಅವನ್ನು ಹುಡುಕಿಕೊಂಡು ಬೆಳ್ಳಕ್ಕಿ ಇಳಿಯುತ್ತದೆ. ಬಾಲ ಕುಣಿಸುತ್ತ ಗದ್ದೆಗೊರವ ಬರುತ್ತದೆ. ಮೇಲೆ ಕೆಂಗಂದು ರೆಕ್ಕೆಯ, ಬಿಳಿತಲೆಯ ಗರುಡ ಸುತ್ತುತ್ತಿರುತ್ತದೆ. ದಡದ ಬಂಡೆಯ ಮೇಲೆ ಮೀನಿನ ಹುರುಪೆ ಬೆರೆತ ಹಿಕ್ಕೆ ಕಂಡರೆ ನೀರುನಾಯಿ ಬಂದುಹೋಗಿರಬಹುದು. ಅದರ ದರ್ಶನ ಮಾತ್ರ ಅದೃಷ್ಟದ ಮಾತು.

ಊಟಕ್ಕೆ ಇಳಿದವರು ಹಕ್ಕಿಗಳಷ್ಟೇ ಅಲ್ಲ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಬೆಳಚು, ಅಂದರೆ ಚಿಪ್ಪಿನೊಳಗಿನ ಮೃದ್ವಂಗಿ, ಆಯುತ್ತಾರೆ. ಅವರ ಬುಟ್ಟಿ, ಬಲೆಗಳಿಂದ ದೂರದಲ್ಲಿ ಸಾಗಿ.

ಇಳಿತ ಶುರುವಾದ ಮೇಲೆ ಕವಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ನೀರು ಜಾರಿಹೋಗಿ ದೋಣಿ ಕೆಸರಿಗೆ ಕೂತರೆ ಮುಂದಿನ ಭರತದವರೆಗೆ ಕಾಯಬೇಕಾದೀತು. ಹೊರಬಂದು ದಡಕ್ಕೆ ಹತ್ತಿರದಲ್ಲೇ ಇಳಿಯುತ್ತ ಬನ್ನಿ. ಹೊಳೆಯ ನಡುವಿನ ಸೆಳೆತ ಸಮುದ್ರದ ಬಾಯಿಯ ಕಡೆಗಿರುತ್ತದೆ. ಅಲ್ಲಿಗೆ ಪಾತಿ ಹೋಗಬಾರದು.

ಈಗ ಮೊದಲ ಪ್ರಶ್ನೆಗೆ ಬರೋಣ. ಗಡಿಯಾರವಿಲ್ಲದೆ, ಹರಿವೂ ಕಾಣದಿದ್ದಾಗ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವುದು ಹೇಗೆ? ಒಂದು ಕಾಂಡ್ಲಾ ಬೇರನ್ನು ನೋಡಿ. ನೀರಿನ ಮೇಲೆ ಬೇರು ಒದ್ದೆಯಾಗಿ ಹೊಳೆಯುತ್ತಿದ್ದರೆ ಇಳಿತ. ಒಣಬೇರು ನೇರವಾಗಿ ನೀರಿಗೆ ಇಳಿದಿದ್ದರೆ ಭರತ. ಮುಂದಿನ ಸಲ ದೋಣಿಯವರು ಹೇಳುವ ಮೊದಲೇ ನೀವು ಇದನ್ನು ನೋಡಿ ಹೇಳಿ.