ಗೌಂಡಿಯನ್ನು ಕರೆಯುವ ಮೊದಲು

ಮುನಿರಾಬಾದಿನಲ್ಲಿ ಮನೆ ಕೆಲಸ ಹಿಡಿದವರು ಒಬ್ಬರಲ್ಲ ಒಬ್ಬರು ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ. ಕೆಲವರು ಹೊಸದಾಗಿ ಸಂಸಾರ ಹೂಡಿದವರು, ಕೆಲವರು ಅಪ್ಪನ ಕಾಲದ ಮಾಳಿಗೆ ಮನೆ ಸರಿ ಮಾಡಿಸಲು ಹೊರಟವರು, ಇನ್ನು ಕೆಲವರು ನಿವೃತ್ತಿಯ ದುಡ್ಡು ಬ್ಯಾಂಕಿಗೆ ಬಿದ್ದ ವಾರದಲ್ಲೇ ಟೈಲ್ಸ್ ಅಂಗಡಿಗೆ ಹೋಗಿ ಬಂದವರು. ಎಲ್ಲರೂ ಕೇಳುವುದು ಎಷ್ಟು ಖರ್ಚು ಬರುತ್ತದೆ ಎಂದು. ಯಾವಾಗ ಮಾಡಿಸಬೇಕು, ಮನೆಯಲ್ಲಿ ಯಾರನ್ನು ಕೇಳಿ ಮಾಡಿಸಬೇಕು ಎಂದು ಕೇಳುವವರು ಕಡಿಮೆ. ದುಡ್ಡು ಉಳಿಯುವುದೂ ಹಾಳಾಗುವುದೂ ಅಲ್ಲೇ. ಬಾಯಲ್ಲಿ ಹೇಳಿ ಹೇಳಿ ಸಾಕಾದದ್ದನ್ನು, ಜೊತೆಗೆ ಮನೆವಾರ್ತೆಯ ಕೆಲವು ಮಾತುಗಳನ್ನೂ, ಇಲ್ಲಿ ಬರೆದಿಟ್ಟಿದ್ದೇನೆ.

• ಪಂಚಾಂಗ ಆಮೇಲೆ ನೋಡಿ, ಮೊದಲು ಕಾಲುವೆ ನೋಡಿ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಶುರು. ಜುಲೈ, ಆಗಸ್ಟಿನಲ್ಲಿ ಕೈಯಾಳುಗಳು ಗದ್ದೆಯಲ್ಲಿರುತ್ತಾರೆ. ಗೌಂಡಿ ಸಿಕ್ಕರೂ ಕಲಸಿ ಕೊಡುವವರು ಸಿಗುವುದಿಲ್ಲ. ನವೆಂಬರ್ ಕೊನೆಗೆ ಕೊಯ್ಲು, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಮತ್ತೆ ನಾಟಿ. ಗಿಲಾವು, ನೆಲ, ಸ್ಲ್ಯಾಬು ಇಂಥ ಕೆಲಸಕ್ಕೆ ದಸರೆಯ ಹಿಂದುಮುಂದಿನ ದಿನಗಳೇ ಸರಿ. ಆಳೂ ಸಿಗುತ್ತಾರೆ, ಬಿಸಿಲೂ ಸುಡುವುದಿಲ್ಲ. ಏಪ್ರಿಲ್‌ನಲ್ಲಿ ಮಾಡಿದ ಗಿಲಾವು ಸಂಜೆಯೊಳಗೆ ಒಣಗಿ, ವಾರದೊಳಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬೇಸಿಗೆಯಲ್ಲೇ ಮಾಡಿಸುವ ಅನಿವಾರ್ಯ ಬಂದರೆ ಗೋಣಿತಟ್ಟು ಹೊದಿಸಿ, ಕಡಿಮೆಯೆಂದರೆ ಹತ್ತು ದಿನ ಹಸಿ ಆರದಂತೆ ನೋಡಿಕೊಳ್ಳಿ. ನೀರು ಹೊಡೆಯುವುದು ಗೌಂಡಿಯ ಕೆಲಸವಲ್ಲ, ಮನೆಯವರ ಕೆಲಸ. ಅವನು ಸಂಜೆ ಐದಕ್ಕೆ ಕೈ ತೊಳೆದುಕೊಂಡು ಹೋದಮೇಲೆ ಗೋಡೆ ನಿಮ್ಮದು.

• ಗುತ್ತಿಗೆ ಕೊಟ್ಟರೆ ಕೆಲಸ ಓಡುತ್ತದೆ, ದಿನಗೂಲಿಗೆ ಕೊಟ್ಟರೆ ಕೆಲಸ ಕೂರುತ್ತದೆ. ಗೋಡೆ ಕಟ್ಟುವುದನ್ನು ಗುತ್ತಿಗೆ ಕೊಡಿ. ಬಚ್ಚಲಿನ ನೆಲ, ಮಾಳಿಗೆಯ ಇಳಿಜಾರು, ನಳದ ಜೋಡಣೆ ಇವನ್ನು ದಿನಗೂಲಿಗೇ ಮಾಡಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿರಲಿ, ಸಿಮೆಂಟು ಚೀಲದ ಮೇಲೆ ಬರೆದ ಲೆಕ್ಕ ಚೀಲದ ಜೊತೆಗೇ ಹೋಗುತ್ತದೆ. ಮುಂಗಡ ಸಂತೆಯ ಖರ್ಚಿಗೆ ಆಗುವಷ್ಟು ಮಾತ್ರ. ಚಹಾಕ್ಕೆ ಮಾತ್ರ ಜಿಪುಣತನ ಬೇಡ.

• ಹಳೆ ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸಬೇಡಿ. ಇದನ್ನು ಎಷ್ಟು ಜನರಿಗೆ ಹೇಳಿದರೂ ಕೇಳುವುದಿಲ್ಲ. ಸಿಮೆಂಟು ಎಂದರೆ ಗಟ್ಟಿ, ಮಣ್ಣು ಎಂದರೆ ಬಡತನ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟು ಬಳಿದರೆ ಆ ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಹಲಗೆಯಾಗಿ ಸಿಮೆಂಟು ಕಳಚಿ ಬೀಳುತ್ತದೆ, ಬರುವಾಗ ಗೋಡೆಯ ಮಣ್ಣನ್ನೂ ಹೊತ್ತುಕೊಂಡು ಬರುತ್ತದೆ. ಕೆಂಪು ಮಣ್ಣು, ಹೊಟ್ಟು, ಸಗಣಿ ಕಲಸಿ ಕೊಳೆಹಾಕಿ ಮೆತ್ತಿಸಿ. ಮೇಲೆ ಸುಣ್ಣ. ಅದು ಬೇಡವೆಂದರೆ ಸುಣ್ಣದ ಗಾರೆ.

• ಮಾಳಿಗೆಯ ಮೇಲೆ ಸವುಳು ಮಣ್ಣು ಹಾಕಿಸುವುದು ರೋಹಿಣಿ ಮಳೆಗಿಂತ ಮೊದಲು. ಹೊಲದಲ್ಲಿ ಶತ್ರುವಾದ ಈ ಮಣ್ಣು ಮನೆಯ ಮೇಲೆ ಮಿತ್ರ: ನೀರು ಬಿದ್ದ ಕೂಡಲೇ ಊದಿಕೊಂಡು ಸಂದು ಮುಚ್ಚುತ್ತದೆ, ಹುಲ್ಲೂ ಹುಟ್ಟಲು ಬಿಡುವುದಿಲ್ಲ. ಹಾಕಿದ ಮೇಲೆ ತುಳಿದು, ಬಡಿದು, ದೋಣಿಯ ಕಡೆಗೆ ಇಳಿಜಾರು ಕೊಡಿ. ಮಾಳಿಗೆ ಮೇಲೆ ಹಳೆ ಟಿ.ವಿ. ಬುಟ್ಟಿ, ಮುರಿದ ಕುರ್ಚಿ ಗುಡ್ಡೆ ಹಾಕುವ ಚಾಳಿ ಬಿಡಿ. ನೀರು ನಿಲ್ಲುವುದು ಅವುಗಳ ಬುಡದಲ್ಲೇ.

• ಹಳೆ ಮನೆಯ ಪಡಸಾಲೆಗೆ ಟೈಲ್ಸ್ ಹಾಕಿಸುವ ಮುನ್ನ ಮನೆಯ ಹಿರಿಯ ಹೆಂಗಸನ್ನು ಒಂದು ಮಾತು ಕೇಳಿ: ಹಗೇವು ಎಲ್ಲಿತ್ತು? ಕೊಪ್ಪಳ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಸಾರಿಸಿದರೆ ಗುರುತೇ ಸಿಗುವುದಿಲ್ಲ. ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ, ಗೌಂಡಿಗಂತೂ ಇಲ್ಲವೇ ಇಲ್ಲ. ಹೊಳೆಯುವ ನೆಲ ಒಂದು ಮಳೆಗಾಲದಲ್ಲಿ ತಟ್ಟೆಯಷ್ಟು ಅಗಲ ಕುಸಿದಾಗ ಎಲ್ಲರಿಗೂ ನೆನಪಾಗುತ್ತದೆ. ಕೇಳಲು ಯಾರೂ ಇಲ್ಲದಿದ್ದರೆ ಒನಕೆಯಿಂದ ನೆಲ ಕುಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ನಿಲ್ಲಿ. ಬಾಯಿ ತೆರೆದ ಮೇಲೆ ಯಾರೂ ಇಳಿಯಕೂಡದು. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ದೀಪ ಇಳಿಬಿಟ್ಟಾಗ ಆರದೆ ಉರಿದರೂ ಒಳಗೆ ಇಳಿಯುವ ಹಟ ಬೇಡ, ಮೇಲಿಂದಲೇ ಗರಸು ಸುರಿದು ತುಂಬಿ. ಒಂದೊಂದು ಪದರಕ್ಕೆ ನೀರು ಬಿಟ್ಟು, ಉದ್ದ ದಿಮ್ಮಸದಿಂದ ಬಡಿಯಿರಿ. ಒಂದೇ ಸಲ ತುಂಬಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

• ಗೋಡೆ ಬಿರುಕು ಬಿಟ್ಟರೆ ಹೆದರುವುದೂ ಬೇಡ, ಅವತ್ತೇ ಮುಚ್ಚುವುದೂ ಬೇಡ. ಎರೆ ಮಣ್ಣು ಬೇಸಿಗೆಯಲ್ಲಿ ಸೀಳಿ ಮಳೆಗಾಲದಲ್ಲಿ ಉಬ್ಬುತ್ತದೆ, ಮೇಲಿನ ಗೋಡೆ ಅದರ ಜೊತೆಗೇ ಆಡುತ್ತದೆ. ಬಿರುಕಿನ ಎರಡು ತುದಿಗೂ ಪೆನ್ಸಿಲ್‌ನಿಂದ ಗೀಟು ಹಾಕಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡಿ. ಗೀಟು ದಾಟದಿದ್ದರೆ ಸುಣ್ಣ ಬಳಿದು ಮುಗಿಸಿ. ದಾಟಿ ಬೆಳೆಯುತ್ತಿದ್ದರೆ, ಅದರಲ್ಲೂ ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೇರುತ್ತಿದ್ದರೆ, ಕೇಳಬೇಕಾದವನು ಪೇಂಟರ್ ಅಲ್ಲ, ಎಂಜಿನಿಯರ್. ಹೊಸ ಮನೆಯಾದರೆ ಪಾಯದ ತಳದ ಎರೆ ತೆಗೆಸಿ ಗರಸು ತುಂಬಿಸಿ. ಕುಷ್ಟಗಿಯ ಮಸಾರಿ ನೆಲದಲ್ಲಿ ಕಟ್ಟಿಸಿದ ಬೀಗರ ಅಂದಾಜು ಪಟ್ಟಿ ತಂದು ಇಲ್ಲಿಯ ಎರೆಗೆ ಹೋಲಿಸಬೇಡಿ.

• ಕಾಲುವೆಯ ಕೆಳಗಿನ ಊರುಗಳಲ್ಲಿ ನೀರು ಹೆಚ್ಚಾಗಿ ಭೂಮಿ ಸವುಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವುಳು ನೆಲದ ಮೇಲೆಯೇ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದೆ. ಹೊಲ ಬಿಟ್ಟು ಮನೆಗೆ ಬಂದರೆ ಅದೇ ಉಪ್ಪು ಗೋಡೆಯ ಬುಡಕ್ಕೆ ಬಿಳಿ ಬೂದಿಯಂತೆ ಹತ್ತುತ್ತದೆ. ಪಾಯದ ಮೇಲೆ, ಗೋಡೆ ಏಳುವ ಮೊದಲು, ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಉಪ್ಪುನೀರಿನ ಬೋರಿನಿಂದ ಸಿಮೆಂಟು ಕಲಸಬೇಡಿ. ಈಗಾಗಲೇ ಹತ್ತಿದ್ದರೆ ಒಣ ಬ್ರಷ್ಷಿನಿಂದ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

• ಸ್ಲ್ಯಾಬಿನ ಮನೆಯವರು ಮಾರ್ಚ್ ಬಂದಾಗ ಕೂಲರ್ ಅಂಗಡಿಗೆ ಹೋಗುವ ಮೊದಲು ಮೇಲೆ ಸುಣ್ಣ ಹೊಡೆಯಿರಿ. ಬೆಳ್ಳಗಿನ ಮಾಳಿಗೆ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಕೆಳಗಿನ ಕೋಣೆ ರಾತ್ರಿ ಮಲಗುವ ಹಾಗಾಗುತ್ತದೆ. ಸುಣ್ಣದ ಕಲ್ಲನ್ನು ರಾತ್ರಿಯೇ ಅರಳಿಸಿ ಬಿಡಿ. ಕುದಿಯುವಾಗ ಮಕ್ಕಳು ಹತ್ತಿರ ಬರಕೂಡದು, ಕಣ್ಣಿಗೆ ಸಿಡಿದರೆ ಆಟವಲ್ಲ. ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿ. ಮಾಳಿಗೆಯ ಧೂಳು ಗುಡಿಸಿ, ನೀರು ಚಿಮುಕಿಸಿ, ಸೂರ್ಯ ಏರುವ ಮೊದಲು ಒಂದು ಕೈ ಪೂರ್ವ ಪಶ್ಚಿಮ, ಮರುದಿನ ಇನ್ನೊಂದು ಕೈ ಉತ್ತರ ದಕ್ಷಿಣ. ಮಳೆಗೆ ತೊಳೆದು ಹೋಗುತ್ತದೆ ಎನ್ನುವವರಿದ್ದಾರೆ. ಹೋಗಲಿ, ಬೇಸಿಗೆ ದಾಟಿಸಿತಲ್ಲ.

• ಸೋರುವ ಸ್ಲ್ಯಾಬಿಗೆ ಇಟ್ಟಿಗೆ ಪುಡಿ ಮತ್ತು ಸುಣ್ಣದ ಗಚ್ಚು ಹಾಕಿಸುವುದನ್ನು ಹಳೆಯ ಪದ್ಧತಿ ಎಂದು ನಗುವವರು ಒಮ್ಮೆ ನಮ್ಮ ತುಂಗಭದ್ರಾ ಡ್ಯಾಮಿನ ಕಡೆ ನೋಡಲಿ. 1945ರ ಫೆಬ್ರವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿದ್ದು, 1953ಕ್ಕೆ ನೀರು ನಿಂತ ಆ ಗೋಡೆ ಕಲ್ಲು ಮತ್ತು ಸುರ್ಕಿ ಗಾರೆಯದು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿಯೇ.

• ಡ್ಯಾಮಿನ ಮಾತು ಬಂತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದದ್ದು ಸರಪಳಿಯ ಕೊಂಡಿ ಕಡಿದು. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ಆ ವಾರವೆಲ್ಲ ಯಾರಿಗೂ ನಿದ್ದೆ ಇರಲಿಲ್ಲ. ಮನೆಯಲ್ಲಿ ತೂಗುಹಾಕಿದ್ದನ್ನೆಲ್ಲ ವರ್ಷಕ್ಕೊಮ್ಮೆ ಕೈಯಿಟ್ಟು ನೋಡಿ: ಜೋಕಾಲಿಯ ಸರಪಳಿ, ತೊಟ್ಟಿಲ ಹಗ್ಗ, ಫ್ಯಾನಿನ ಕೊಕ್ಕೆ. ಸವೆಯುವುದು ಕೊಂಡಿಗೆ ಕೊಂಡಿ ತಾಗುವ ಒಳಮೈ, ಹೊರಗಿಂದ ಬಣ್ಣ ಹೊಸದಾಗಿಯೇ ಕಾಣುತ್ತದೆ.

• ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರು ಕುಡಿಯುವವರು ಮೊದಲು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಯಾಗಿ ಮೊದಲು ಕಾಣುತ್ತದೆ, ವರ್ಷಗಳ ಮೇಲೆ ಮೂಳೆ ಹಿಡಿಯುತ್ತದೆ. ಕಾಯಿಸಿ ಆರಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಶುದ್ಧೀಕರಣ ಘಟಕದ ನೀರು ಅಥವಾ ಮಳೆನೀರು, ಬಳಸಲು ಬೋರು. ಎರಡು ಕೊಡಕ್ಕೆ ಎರಡು ಬಣ್ಣ ಇರಲಿ.

• ಕೂಲರಿನ ನೀರು ವಾರಕ್ಕೊಮ್ಮೆ ಚೆಲ್ಲಿ, ಒಳಮೈ ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆಗೆ ಚರಂಡಿಗಿಂತ ಅದೇ ಇಷ್ಟ.

• ಅಡುಗೆ ಕಟ್ಟೆಯ ಎತ್ತರವನ್ನು ಗೌಂಡಿಯೂ ಮನೆಯ ಗಂಡಸೂ ನಿಂತು ನಿರ್ಧರಿಸುವುದನ್ನು ನೋಡಿದ್ದೇನೆ. ಇಬ್ಬರೂ ಜೋಳದ ರೊಟ್ಟಿ ಬಡಿಯುವವರಲ್ಲ. ಸಾರು ಕುದಿಸಲು ಸರಿಯಾದ ಎತ್ತರ ರೊಟ್ಟಿಗೆ ಸರಿಯಲ್ಲ. ರೊಟ್ಟಿಗೆ ಭುಜ ಮೇಲಿರಬೇಕು, ಅಂಗೈ ಕೆಳಗೆ ಬೀಳಬೇಕು. ಎತ್ತರದ ಕಟ್ಟೆಯ ಮೇಲೆ ದಿನಾ ಇಪ್ಪತ್ತು ರೊಟ್ಟಿ ಬಡಿದವಳ ಭುಜ ವರ್ಷ ತುಂಬುವುದರೊಳಗೆ ನೋಯತೊಡಗುತ್ತದೆ. ಕಟ್ಟೆಯ ಒಂದು ತುದಿಯನ್ನು ಒಂದು ಗೇಣು ತಗ್ಗಿಸಿ, ಅಲ್ಲಿ ಒರಟು ಕಡಪ ಕಲ್ಲು ಕೂರಿಸಿ. ಅತ್ತೆಗೆ ಕೂತೇ ಅಭ್ಯಾಸವಿದ್ದರೆ ನೆಲದಲ್ಲೊಂದು ಒಲೆಯ ಜಾಗವೂ ಇರಲಿ. ಅಳತೆ ತೆಗೆಯುವಾಗ ಸೊಸೆಯನ್ನು ನಿಲ್ಲಿಸಿ, ಕಣಕದ ಪರಾತ ಕೈಗೆ ಕೊಟ್ಟು ನಿಲ್ಲಿಸಿ. ಹಾಗೆಯೇ ಅಡುಗೆಮನೆಯ ಒಂದು ಕಪಾಟಿನ ಬೀಗದ ಕೈ ಅವಳಿಗೇ ಸೇರಿದ್ದಾಗಿರಲಿ. ಏನಿಡುತ್ತಾಳೆ ಎಂದು ಕೇಳುವ ಅಗತ್ಯವಿಲ್ಲ.

• ಬಚ್ಚಲಿಗೆ ಹೊಳೆಯುವ ಟೈಲ್ಸ್ ಬೇಡ. ಶಹಾಬಾದ್ ಕಲ್ಲಿನ ಒರಟು ಮೈ ಸಾಕು. ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಕೂರುವ ಜಾಗದ ಪಕ್ಕ ಗೋಡೆಗೆ ಒಂದು ಹಿಡಿಕೆ, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ. ಮುದುಕರು ಬೇಡ ಎನ್ನುತ್ತಾರೆ. ನಾನೂ ಎಂದಿದ್ದೆ. ಕೇಳಬೇಡಿ, ಹಾಕಿಸಿ.

• ಹುಲಿಗೆಮ್ಮನ ಗುಡಿ ಇಷ್ಟು ಹತ್ತಿರ ಇರುವಾಗ ಹುಣ್ಣಿಮೆಗೆ, ಮಂಗಳವಾರ ಶುಕ್ರವಾರಕ್ಕೆ ನೆಂಟರು ಬಂದೇ ಬರುತ್ತಾರೆ, ಹೇಳಿಯೂ ಹೇಳದೆಯೂ. ಇದಕ್ಕಾಗಿ ಗೆಸ್ಟ್ ರೂಮ್ ಕಟ್ಟಿಸಿ ಸಾಲ ಮಾಡಿಕೊಳ್ಳಬೇಡಿ. ಒಂದು ಅಗಲವಾದ ಪಡಸಾಲೆ, ಹೊರಗಿನಿಂದಲೇ ಹೋಗುವಂಥ ಒಂದು ಬಚ್ಚಲು, ಅಟ್ಟದ ತುಂಬ ಕೌದಿ ಇದ್ದರೆ ಜಾತ್ರೆಯೇ ಕಳೆಯುತ್ತದೆ. ದೊಡ್ಡ ಪಾತ್ರೆಗಳ ತಳಕ್ಕೆ ಹೆಸರು ಕೊರೆಸಿ. ಓಣಿಯಲ್ಲಿ ಸುತ್ತಾಡುವ ಕೊಪ್ಪರಿಗೆಗೆ ಮನೆ ದಾರಿ ತೋರಿಸುವುದು ಅದೊಂದೇ.

• ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಮಕ್ಕಳನ್ನು ಕರೆದೊಯ್ಯಬೇಡಿ. ಮೇಲೆ ನಿಧಾನ ಕಾಣುವ ನೀರು ಒಳಗೆ ಎಳೆಯುತ್ತದೆ, ಪಾಚಿ ಹಿಡಿದ ಇಳಿಜಾರಿನಲ್ಲಿ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಈಜು ಬರುತ್ತದೆ ಎನ್ನುವ ಹುಡುಗರಿಗೇ ಇದನ್ನು ಎರಡು ಸಲ ಹೇಳಿ.

• ಕೌದಿ ಹೊಲಿಯಲು ಬೇಸಿಗೆ ರಜೆ ಒಳ್ಳೆಯದು. ಮೆತ್ತಗಾದ ಹತ್ತಿ ಸೀರೆಗಳನ್ನೇ ಆರಿಸಿ. ಪಾಲಿಯೆಸ್ಟರ್ ಸೇರಿಸಿದರೆ ಬೆವರು ಹೀರುವುದಿಲ್ಲ, ಹೊಲಿಗೆಯೂ ಜಾರುತ್ತದೆ. ಪದರಗಳನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ಮೂಲೆಗೆ ಕಲ್ಲಿಟ್ಟು, ಮೊದಲು ದೊಡ್ಡ ಟಾಕು ಹಾಕಿಕೊಳ್ಳಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ನಾಲ್ಕು ಜನ ನಾಲ್ಕು ಕಡೆ ಕೂತರೆ ನಾಲ್ಕು ನಮೂನೆಯ ಟಾಕು ಬೀಳುತ್ತವೆ, ಬೀಳಲಿ. ಹುಡುಗರಿಗೂ ಸೂಜಿ ಕೊಡಿ. ಮುಂದೆ ಹಾಸ್ಟೆಲಿನಲ್ಲಿ ಗುಂಡಿ ಹಚ್ಚಿಕೊಳ್ಳಲಾದರೂ ಬರುತ್ತದೆ.

• ಬಾಗಿಲು, ಪೆಟ್ಟಿಗೆ ಸೀಳು ಬಿಟ್ಟಿದ್ದರೆ ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ ತುಂಬಿ. ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಸರಿಯಿಂದಲೇ ಕಿಟ್ಟ ಕಲಸಿ ಬೊಂಬೆಯ ಮೈ ತಿದ್ದುತ್ತಾರೆ. ಮಳೆ ಬೀಳುವ ಕಡೆಯ ಬಾಗಿಲಿಗೆ ಮಾತ್ರ ಇದು ಬೇಡ, ನೀರಿಗೆ ಬಿಡುತ್ತದೆ.

• ಡಿಸೆಂಬರಿನಲ್ಲಿ ಹೊಸ ಸೋನಾ ಮಸೂರಿ ಅಗ್ಗವಾಗಿ ಸಿಕ್ಕಾಗ ವರ್ಷದ ಅಕ್ಕಿ ತಂದುಬಿಡಿ, ಆದರೆ ಕೂಡಲೇ ಅನ್ನಕ್ಕೆ ಇಡಬೇಡಿ, ಮುದ್ದೆಯಾಗುತ್ತದೆ. ಆರು ತಿಂಗಳು ಕೂರಲಿ. ಚೀಲ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ, ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ. ಎಲೆ ಹಸಿ ಇದ್ದರೆ ಹುಳದ ಬದಲು ಬೂಸ್ಟು ಬರುತ್ತದೆ. ಅಲ್ಲಿಯವರೆಗೆ ಹಳೆ ಅಕ್ಕಿ ಬೇಕಾದರೆ ಪಕ್ಕದ ಮನೆಯಲ್ಲಿ ಎರಡು ಸೇರು ಸಾಲ ಕೇಳಿ. ಹೊಸ ಅಕ್ಕಿ ವಾಪಸು ಕೊಟ್ಟರೆ ಅವರು ಒಪ್ಪುವುದಿಲ್ಲ, ಅದನ್ನೂ ಮೊದಲೇ ಮಾತಾಡಿಕೊಳ್ಳಿ.